ಐಬು ಹುಡುಕಿಸಿ ಮಾರುತ್ತಿದ್ದವರು

ಆ ಅವಘಡ ಯಾವಾಗ ಆಯಿತೆಂದು ನಮ್ಮ ಶೆಡ್ಡಿನಲ್ಲಿ ಯಾರನ್ನು ಕೇಳಿದರೂ ಗುರುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತು ಎನ್ನುತ್ತಾರೆ. ಆ ಹೊತ್ತಿನಲ್ಲಿ ನಾನು ರಿಜಿಸ್ಟರಿನಲ್ಲಿ ಒಂದು ಬಸ್ಸು ಹೊರಗೆ ಹೋದ ಸಮಯ ಬರೆಯುತ್ತಿದ್ದೆ. 11-2 ಎಂದು ಬರೆದು ಪೆನ್ನು ನಿಂತಿತು. ಸೊನ್ನೆ ಇವತ್ತಿಗೂ ಅಲ್ಲಿಲ್ಲ. ಆದರೆ ನನಗೆ ಗೊತ್ತಿರುವಂತೆ ಕೆಟ್ಟದ್ದು ಶುರುವಾದದ್ದು ಅದಕ್ಕೆ ಎರಡು ದಿನ ಮೊದಲು, ಮಂಗಳವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ, ಭದ್ರಾವತಿಯಲ್ಲಿ, ಅಕ್ಕನ ಅಂಗಡಿಯಲ್ಲಿ. ಶಿವಮೊಗ್ಗದ ಬಸ್ಸು ತಪ್ಪೀತೆಂದು ಪಕ್ಕದ ಟೈಲರ್ ಅಂಗಡಿಯ ಗಡಿಯಾರ ನೋಡಿಕೊಂಡೇ ನಾನು ಆ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಹಾಗಾಗಿ ಸಮಯದ ಬಗ್ಗೆ ನನಗೆ ಅನುಮಾನವಿಲ್ಲ.

ಅಕ್ಕ ಹೋಗಿ ಈಗ ಎರಡು ತಿಂಗಳು. ಮಧ್ಯಾಹ್ನ ಉಂಡು ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲವಂತೆ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ತಮ್ಮ ಅಂಗಡಿಯ ಮೇಲೂ ಅವರು ಅದನ್ನು ಬರೆಸಿರಲಿಲ್ಲ. "ಹೆಸರು ಬರೆಸಿದ್ರೆ ಹೆಸರು ನೋಡಿ ಬರ್ತಾರೆ. ಸಾಮಾನು ನೋಡಿ ಬರ್ಲಿ" ಎನ್ನುತ್ತಿದ್ದರು. ಗಿರಾಕಿಗಳೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು.

ಅವರು ಮಾರುತ್ತಿದ್ದದ್ದು ಸೆಕೆಂಡ್ಸ್. ಸ್ಪ್ಯಾನರ್, ಇಕ್ಕಳ, ಸುತ್ತಿಗೆ, ಉಳಿ, ಸ್ಕ್ರೂಡ್ರೈವರ್, ಹೀಗೆ ಕೈಯಲ್ಲಿ ಹಿಡಿದು ಮಾಡುವ ಕೆಲಸದ ಸಾಮಾನುಗಳು. ತಯಾರಾಗುವಾಗಲೇ ಬಣ್ಣ ಸೋರಿಯೋ, ಹೊಳಪಿನ ಲೇಪ ಉಬ್ಬಿಯೋ, ನಂಬರು ಸೊಟ್ಟಗೆ ಬಿದ್ದೋ, ಹಿಡಿಯ ಬಣ್ಣ ಒಂದಕ್ಕೊಂದು ಹೊಂದದೆಯೋ ಮೊದಲ ದರ್ಜೆಯಿಂದ ಹೊರಬಿದ್ದವು. ಕೆಲಸಕ್ಕೆ ಗಟ್ಟಿ, ನೋಟಕ್ಕೆ ಅಷ್ಟಕ್ಕಷ್ಟೆ, ಬೆಲೆ ಅರ್ಧ. ದೂರದೂರುಗಳಿಂದ ಮೂಟೆಗಟ್ಟಲೆ ಬರುತ್ತಿದ್ದವು. ಹಳೇ ಸೇತುವೆಯಿಂದ ಒಂದಷ್ಟು ದೂರ, ಒಂದೇ ಶಟರಿನ ಅಂಗಡಿ. ನೆಲಕ್ಕೆ ಗೋಣಿತಾಟು, ಗೋಡೆಗೊಂದು ಹಲಗೆ, ಹಲಗೆಯ ಹಿಂದೆ ಗಂಡನ ಹಳೆಯ ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟುಕೊಂಡ ಅಕ್ಕ.

ನಾನು ಓದಿದ್ದು ಬಿಎಸ್ಸಿ, ಭೌತಶಾಸ್ತ್ರ. ಕೆಲಸ ಸಿಕ್ಕಿದ್ದು ಶಿವಮೊಗ್ಗದಲ್ಲಿ, ಸಿಟಿ ಬಸ್ಸುಗಳನ್ನು ರಿಪೇರಿ ಮಾಡುವ ಒಂದು ಖಾಸಗಿ ಶೆಡ್ಡಿನಲ್ಲಿ. ಬಿಡಿಭಾಗ, ಉಪಕರಣ ಎಲ್ಲ ನನ್ನ ಸುಪರ್ದಿ. ಸೇರಿದ ಮೊದಲ ತಿಂಗಳಲ್ಲೇ ಮಾಲೀಕರು, "ಭದ್ರಾವತೀಲಿ ಒಬ್ಬಳು ಅಗ್ಗಕ್ಕೆ ಸ್ಪ್ಯಾನರ್ ಮಾರ್ತಾಳಂತೆ, ಹೋಗಿ ಒಂದು ಸೆಟ್ ತನ್ನಿ" ಎಂದು ಕಳಿಸಿದರು. ಹೋದೆ. ಹದಿನೇಳರ ಒಂದು ಸ್ಪ್ಯಾನರ್ ಆರಿಸಿ ಮುಂದಿಟ್ಟೆ.

"ಇದರ ಐಬು ಏನು, ಹೇಳಿ" ಎಂದರು.

ತಿರುಗಿಸಿ ನೋಡಿದೆ. "ಏನೂ ಇಲ್ವಲ್ಲ."

"ಹಂಗಾದ್ರೆ ಕೊಡಲ್ಲ."

ತಮಾಷೆ ಎಂದುಕೊಂಡೆ. ಅವರು ಕನ್ನಡಕ ಒರೆಸಿಕೊಂಡು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿಬಿಟ್ಟರು. ನಾನು ಬಾಗಿಲ ಬೆಳಕಿಗೆ ಹಿಡಿದು ಹುಡುಕುತ್ತಾ ನಿಂತೆ. ಬಹಳ ಹೊತ್ತಿನ ಮೇಲೆ ಕಂಡಿತು. ಒಂದು ಬದಿಯಲ್ಲಿ ಹದಿನೇಳು ಎಂಬ ಅಂಕಿ ತಲೆಕೆಳಗಾಗಿ ಅಚ್ಚಾಗಿತ್ತು.

"ಹಾಂ, ಈಗ ತಗೊಂಡ್ಹೋಗಿ" ಎಂದರು ಅಕ್ಕ. "ಕೈಕಾಲು ಗಟ್ಟಿ ಇದೆ. ಹುಟ್ಟೋವಾಗ ಸೂಲಗಿತ್ತಿ ಉಲ್ಟಾ ಹಿಡಿದಿದ್ದಾಳೆ, ಅಷ್ಟೆ."

ಇದು ಅವರ ಅಂಗಡಿಯ ಕಾನೂನು. ಐಬನ್ನು ಅವರು ತೋರಿಸುತ್ತಿರಲಿಲ್ಲ, ಕೊಳ್ಳುವವರೇ ಹುಡುಕಿ ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಹಳದಿ ಸೀಮೆಸುಣ್ಣದಲ್ಲಿ ಆ ಜಾಗಕ್ಕೊಂದು ಸುತ್ತು ಹಾಕಿ ಕೊಡುತ್ತಿದ್ದರು. ಮನೆಗೆ ಹೋಗಿ "ಮೋಸ ಆಯ್ತು" ಅನ್ನುವ ಹಾಗಿಲ್ಲ. ಬೆಲೆ ಇನ್ನೂ ಇಳಿಸಿ ಎನ್ನುವ ಹಾಗೂ ಇಲ್ಲ. ಕುಂಸಿ ಕಡೆಯ ರೈತರೊಬ್ಬರು ಒಂದು ಕತ್ತರಿ ಹಿಡಿದು, "ಬಣ್ಣ ಎಲ್ಲ ಹೋಗಿದೆ ಅಕ್ಕ, ಇನ್ನೊಂಚೂರು ಕಮ್ಮಿ ಮಾಡು" ಎಂದು ಗೋಗರೆದದ್ದು ನೆನಪಿದೆ.

"ನಿಮ್ ತಲೆ ಬಣ್ಣನೂ ಹೋಗಿದೆ. ಮನೇಲಿ ಕಮ್ಮಿ ಊಟ ಹಾಕ್ತಾರಾ?"

ರೈತರು ನಕ್ಕು, ಟೋಪಿ ಸರಿಮಾಡಿಕೊಂಡು, ಹೇಳಿದಷ್ಟು ಕೊಟ್ಟು ಹೋದರು.

ಐಬು ಹಿಡಿಯುವ ಈ ಕಣ್ಣು ಅವರಿಗೆ ಬಂದದ್ದು ಊರಿನ ಉಕ್ಕಿನ ಕಾರ್ಖಾನೆಯಲ್ಲಿ. ಗಂಡ ಫಿಟ್ಟರ್ ಆಗಿದ್ದವರು, ಚಿಕ್ಕ ವಯಸ್ಸಿಗೇ ಜ್ವರದಲ್ಲಿ ತೀರಿಕೊಂಡರು. ಆ ಕೆಲಸದ ಬದಲಿಗೆ ಇವರಿಗೆ ಉಪಕರಣಗಳ ಕೋಣೆಯಲ್ಲಿ ಕೆಲಸ ಸಿಕ್ಕಿತು. ಒಂದು ಕಿಟಕಿ. ಹೊರಗಿನಿಂದ ಕಾರ್ಮಿಕರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ಕೊಡಬೇಕು, ಇವರು ಉಪಕರಣ ಕೊಡಬೇಕು. ಸಂಜೆ ಉಪಕರಣ ವಾಪಸು, ಬಿಲ್ಲೆ ವಾಪಸು. ಮುರಿದದ್ದು ತಂದರೆ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಹೆಂಗೆ ಮುರೀತು ಹೇಳು. ಬೈಯಲ್ಲ" ಎನ್ನುತ್ತಿದ್ದರಂತೆ. ಯಾರು ಯಾವ ಕೆಲಸಕ್ಕೆ ಯಾವುದನ್ನು ತಪ್ಪಾಗಿ ಬಳಸಿದರು, ಎಲ್ಲಿ ಪೆಟ್ಟು ಬಿತ್ತು, ಯಾವ ಸದ್ದು ಬಂತು, ಎಲ್ಲ ಕೇಳಿ ತಲೆಯಲ್ಲಿಟ್ಟುಕೊಂಡರು. ಇಪ್ಪತ್ತು ವರ್ಷ ಹೀಗೆ ಕೇಳಿದವರಿಗೆ ಕಬ್ಬಿಣದ ವಿಷಯದಲ್ಲಿ ಯಾವ ಕಾಲೇಜಿನ ಅಗತ್ಯವಿತ್ತು? ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾದಾಗ ಸ್ವಯಂ ನಿವೃತ್ತಿ ತೆಗೆದುಕೊಂಡು ಅಂಗಡಿ ಹಾಕಿದರು.

ಸ್ಪ್ಯಾನರನ್ನು ದಾರದಲ್ಲಿ ಇಳಿಬಿಟ್ಟು ಒಂದು ದೊಡ್ಡ ಮೊಳೆಯಿಂದ ಮೆಲ್ಲನೆ ತಟ್ಟುತ್ತಿದ್ದರು. ಕಾರ್ಖಾನೆಯ ಸದ್ದಿಗೆ ಬಲಗಿವಿ ಮಂದವಾಗಿತ್ತು, ಹಾಗಾಗಿ ತಲೆ ವಾಲಿಸಿ ಎಡಗಿವಿ ಕೊಡುತ್ತಿದ್ದರು. ಗಂಟೆಯ ಹಾಗೆ ಉದ್ದಕ್ಕೆ ನಾದ ಬಂದರೆ ಗೋಣಿಯ ಮೇಲೆ. ಮಡಕೆ ಒಡೆದ ಹಾಗೆ ಸತ್ತ ಸದ್ದು ಬಂದರೆ ಗುಜರಿಗೆ. ಸುತ್ತಿಗೆಯ ಮುಖಕ್ಕೆ, ಕಬ್ಬಿಣ ಸವೆಸುವ ಹಳೆಯ ಅರವನ್ನು ಉಜ್ಜಿ ನೋಡುತ್ತಿದ್ದರು. ಅರ ಸ್ವಲ್ಪ ಕಚ್ಚಬೇಕು. ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಆ ಸುತ್ತಿಗೆಗೆ ಹದ ಮೀರಿದ ಗಡಸು ಬಂದಿದೆ ಎಂದರ್ಥ. "ಗಡಸು ಜಾಸ್ತಿ ಆದ್ರೆ ಉಕ್ಕು ಗಾಜಾಗುತ್ತೆ ಮಾರಾಯ್ತಿ. ಬಗ್ಗಲ್ಲ, ಸಿಡಿಯುತ್ತೆ." ಇದನ್ನೇ ನಾನು ಎರಡನೇ ವರ್ಷದಲ್ಲಿ ಅರ್ಧ ಪುಟ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಒಂದು ಅರವನ್ನು ಕೈಯಲ್ಲಿ ಹಿಡಿದಿರಲಿಲ್ಲ.

ಒಂದು ದಿನ ಒಬ್ಬ ಎಲೆಕ್ಟ್ರಿಷಿಯನ್ ಇಕ್ಕಳವೊಂದನ್ನು ಆರಿಸಿ, ಐಬನ್ನೂ ತಾನೇ ಹುಡುಕಿ ಹೇಳಿದ. ಹಿಡಿಯ ರಬ್ಬರಿನಲ್ಲಿ ಒಂದು ಸಣ್ಣ ಗುಳ್ಳೆ. ಕಾನೂನಿನ ಪ್ರಕಾರ ಕೊಡಬೇಕು. ಅಕ್ಕ ಕೇಳಿದರು, "ಏನ್ ಕೆಲಸ ನಿಂದು?"

"ವೈರಿಂಗು."

ಇಕ್ಕಳವನ್ನು ಅವನ ಕೈಯಿಂದ ತೆಗೆದುಕೊಂಡರು. "ನಿಂಗಿಲ್ಲ ಇದು."

"ಯಾಕಕ್ಕ? ಐಬು ಹೇಳಿದ್ನಲ್ಲ!"

"ಬೇಲಿ ಕಟ್ಟೋನಿಗೆ ಇದು ಮುಖದ ಐಬು. ನಿಂಗೆ ಪ್ರಾಣದ ಐಬು. ಹೋಗು, ಹೊಸದು ತಗೋ, ಪೂರ್ತಿ ದುಡ್ಡು ಕೊಟ್ಟು ತಗೋ."

ಅವನು ಗೊಣಗುತ್ತ ಹೋದ. ಮಾರನೇ ವಾರ ಅದೇ ಇಕ್ಕಳ ತೋಟಕ್ಕೆ ತಂತಿ ಬಿಗಿಯುವವನೊಬ್ಬನ ಕೈಗೆ ಹೋಯಿತು. ಕೊರತೆ ಎನ್ನುವುದು ವಸ್ತುವಿನಲ್ಲಿ ಅರ್ಧ, ಹಿಡಿಯುವ ಕೈಯಲ್ಲಿ ಅರ್ಧ ಎಂದು ನನಗೆ ಅವತ್ತು ಹೊಳೆಯಿತು. ಅವರ ಬಾಯಲ್ಲಿ ಇಂಥ ಮಾತು ಬರುತ್ತಿರಲಿಲ್ಲ. ಅವರು ಇಕ್ಕಳ ಕಿತ್ತುಕೊಳ್ಳುತ್ತಿದ್ದರು, ಅಷ್ಟೆ.

ಹಲಗೆಯ ಕೆಳಗೆ ಒಂದು ಮರದ ಪೆಟ್ಟಿಗೆ ಇತ್ತು. ಒಮ್ಮೆ ಕಾಲಿಗೆ ತಾಗಿ ಬಗ್ಗಿ ನೋಡಿದರೆ ಒಳಗೆ ಅಂಗಡಿಯಲ್ಲೇ ಅತಿ ಚೆಂದದ ಸಾಮಾನುಗಳು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ.

"ಇದ್ಯಾಕಕ್ಕ ಕೆಳಗಿಟ್ಟಿದೀರ? ಇದನ್ನ ಮುಂದೆ ಇಟ್ರೆ ತಾನೆ ವ್ಯಾಪಾರ ಆಗೋದು?"

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಓದಿದೀಯಲ್ಲ, ಯೋಚನೆ ಮಾಡು. ಚೆನ್ನಾಗಿರೋದನ್ನ ಯಾರಾದ್ರೂ ಅರ್ಧ ಬೆಲೆಗೆ ಹೊರಗೆ ತಳ್ತಾರಾ? ಏನೋ ಕಂಡೇ ತಳ್ಳಿದಾರೆ. ಮುಖದಲ್ಲಿ ಕಾಣಿಸ್ಲಿಲ್ಲ ಅಂದ್ರೆ ಒಳಗಿದೆ. ಸೊಟ್ಟ ಮೋರೆಯದ್ದನ್ನ ನಾನು ನಂಬ್ತೀನಿ. ಅದರ ಕಥೆ ಅಲ್ಲಿಗೇ ಮುಗೀತು. ಇವುಗಳದ್ದು ಇನ್ನೂ ಶುರುವಾಗಿಲ್ಲ."

ಕೆಲವು ಬರೀ ರಟ್ಟಿನ ಡಬ್ಬಿ ಹರಿದದ್ದಕ್ಕೆ ಹೊರಬಿದ್ದಿರುತ್ತಿದ್ದವು. ಅಂಥವನ್ನು ತಟ್ಟಿ, ಅರ ಹಾಕಿ, ಖಾತ್ರಿಯಾದ ಮೇಲೆ ಮೇಲಕ್ಕೆ ತರುತ್ತಿದ್ದರು. ಉಳಿದವು ಗುಜರಿಯವನು ಬರುವ ತನಕ ಆ ಪೆಟ್ಟಿಗೆಯಲ್ಲಿ. ಕಾರಣ ತಿಳಿಯದ ಚೆಲುವಿಗೆ ಆ ಅಂಗಡಿಯಲ್ಲಿ ಜಾಗವಿರಲಿಲ್ಲ. ಇದೆಲ್ಲ ಮೂರು ವರ್ಷ ಕೇಳಿದ್ದೆ, ನಕ್ಕಿದ್ದೆ, ಗೆಳತಿಯರಿಗೆ ಹೇಳಿ ನಗಿಸಿದ್ದೆ.

ಆ ಮಂಗಳವಾರ ನಾನು ಹೋದಾಗ ಅಕ್ಕ ಇರಲಿಲ್ಲ. ಪಿಂಚಣಿಗಾಗಿ, ತಾವಿನ್ನೂ ಬದುಕಿದ್ದೇವೆಂದು ತೋರಿಸಿ ಸಹಿ ಮಾಡಲು ಬ್ಯಾಂಕಿಗೆ ಹೋಗಿದ್ದರು. ಶಟರ್ ಅರ್ಧ ತೆರೆದಿತ್ತು. "ಕೂತಿರಿ ಮೇಡಂ, ಬರ್ತಾರೆ" ಎಂದರು ಪಕ್ಕದ ಟೈಲರ್. ನನಗೆ ಬೇಕಿದ್ದದ್ದು ಒಂದು ಕೆಜಿಯ ಸುತ್ತಿಗೆ. ಗೋಣಿಯ ಮೇಲೆ ಎರಡಿದ್ದವು. ಒಂದರ ಮೇಲೆ ನೀಲಿ ಬಣ್ಣ ಸೋರಿ ಮೇಣದಂತೆ ಹೆಪ್ಪುಗಟ್ಟಿತ್ತು. ಇನ್ನೊಂದರ ಹಿಡಿ ಸುಟ್ಟ ರೊಟ್ಟಿಯ ಬಣ್ಣ. ಹಿಂದಿನ ದಿನವಷ್ಟೇ ಮಾಲೀಕರು ಎಲ್ಲರೆದುರು, "ನಮ್ ಮೇಡಂ ಶೆಡ್ಡನ್ನ ಗುಜರಿ ಅಂಗಡಿ ಮಾಡ್ಬಿಟ್ರು" ಎಂದು ಹಂಗಿಸಿದ್ದರು. ಬಗ್ಗಿ ಪೆಟ್ಟಿಗೆ ಎಳೆದೆ. ಮೇಲೆಯೇ ಇತ್ತು ಅದು. ಹೊಳೆಯುವ ಕಪ್ಪು ತಲೆ, ನೇರ ಎಳೆಯ ಹಿಡಿ. ತಿರುಗಿಸಿ ಐಬು ಹುಡುಕಿದೆ. ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಖುಷಿಪಟ್ಟೆ. ಮೂರು ವರ್ಷ ಆ ಅಂಗಡಿಯಲ್ಲಿ ನಿಂತವಳು, ಖುಷಿಪಟ್ಟೆ! ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಅದು ವಯಸ್ಸಾದವರ ಒಂದು ಗೀಳು ಎಂದುಕೊಂಡಿದ್ದೆ. ಮಾಮೂಲಿ ಬೆಲೆಯನ್ನು ದುಡ್ಡಿನ ಡಬ್ಬಿಗೆ ಹಾಕಿ, "ಸುತ್ತಿಗೆ ತಗೊಂಡೆ ಅಂತ ಹೇಳ್ಬಿಡಿ" ಎಂದು ಟೈಲರಿಗೆ ಕೂಗಿ, ಬಸ್ಸು ಹಿಡಿದೆ.

ಶೆಡ್ಡಿನಲ್ಲಿ ಎಲ್ಲರಿಗೂ ಹಿಡಿಸಿತು. ಮುರುಗೇಶ ಅದನ್ನು ಕೈಯಲ್ಲಿ ತೂಗಿ, "ಈ ಸಲ ಮದುವೆ ಹೆಣ್ಣನ್ನೇ ತಂದಿದೀರ ಮೇಡಂ" ಎಂದ. ಮುರುಗೇಶ ನಮ್ಮ ಹಿರಿಯ ಮೆಕ್ಯಾನಿಕ್. ಭದ್ರಾವತಿಯ ಕಾರ್ಖಾನೆ ಬಡಾವಣೆಯಲ್ಲಿ ಬೆಳೆದವನು, ಮನೆಮಾತು ತಮಿಳು. ಬಸ್ಸಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ.

ಗುರುವಾರ ಅವನು ಒಂದು ಬಸ್ಸಿನ ಕೆಳಗೆ, ಹಿಂದಿನ ಚಕ್ರದ ಸ್ಪ್ರಿಂಗ್ ಪಟ್ಟಿಯ ಪಿನ್ನನ್ನು ಹೊಡೆದು ಹೊರಹಾಕುತ್ತಿದ್ದ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ರಕ್ಷಣೆಯ ಕನ್ನಡಕ ಕಂಬದ ಮೊಳೆಗೆ ನೇತುಬಿದ್ದಿತ್ತು. ಟಣ್, ಟಣ್ ಎಂದು ಪೆಟ್ಟು ಬೀಳುತ್ತಿತ್ತು. ಹತ್ತು ಹೆಜ್ಜೆ ದೂರದಲ್ಲಿ ನಾನು ಬರೆಯುತ್ತಿದ್ದೆ. ಆಮೇಲೆ ಒಂದು ಸದ್ದು, ಚಿಟ್ ಎಂದು. ತೀರಾ ಸಣ್ಣದು, ಬಿಸಿ ಚಿಮಣಿ ಗಾಜಿಗೆ ನೀರು ತಾಗಿದಂತೆ. ನಾನು ತಲೆ ಎತ್ತಿದೆ. ಸುತ್ತಿಗೆ ನೆಲದ ಮೇಲಿತ್ತು. ಮುರುಗೇಶ ಹಿಂದಕ್ಕೆ ಕೂತು, ಆಶ್ಚರ್ಯವಾದವನ ಹಾಗೆ, "ಏನೋ ಬಿತ್ತು ಮೇಡಂ, ಕಣ್ಣಿಗೆ" ಎಂದ. ಬಲಗಣ್ಣಿನ ಕೆಳಗೆ ಒಂದೇ ಒಂದು ಗೆರೆ ರಕ್ತ.

ಒಬ್ಬ ನೀರಿನ ಮಗ್ಗಿಗೆ ಓಡಿದ. ಇನ್ನೊಬ್ಬ ಬಟ್ಟೆ ತಂದು ಒರೆಸಲು ಹೊರಟ. ಮುರುಗೇಶ ತಾನೇ ಕೈ ಎತ್ತಿ ಉಜ್ಜಿಕೊಳ್ಳಲಿದ್ದ. ನಾನು ಫೋನ್ ತೆಗೆದೆ. ಅಕ್ಕನಿಗೆ ಯಾಕೆ ಮಾಡಿದೆನೋ ಸರಿಯಾಗಿ ಹೇಳಲಾರೆ. ಆ ಕ್ಷಣ ನೆನಪಿಗೆ ಬಂದ ನಂಬರು ಅದೊಂದೇ. ಏನು ಹೇಳಿದೆನೋ ಅದೂ ಗೊತ್ತಿಲ್ಲ, ಅವರು ಹೇಳಿದ್ದು ಮಾತ್ರ ಒಂದಕ್ಷರ ಬಿಡದೆ ಗೊತ್ತು.

"ಕೈ ಹಿಡ್ಕೋ ಅವನದು. ಉಜ್ಜೋಕೆ ಬಿಡ್ಬೇಡ. ನೀರು ಹಾಕ್ಬೇಡ. ಟೀ ಕುಡಿಯೋ ಪೇಪರ್ ಕಪ್ಪು ಇದ್ಯಾ? ಕಣ್ಣಿನ ಮೇಲೆ ಬೋರಲು ಹಾಕು, ಒತ್ಬೇಡ, ಕಣ್ಣಿಗೆ ತಾಗ್ಬಾರ್ದು. ಬಟ್ಟೆ ಕಟ್ಟಿ ನಿಲ್ಸು. ಇನ್ನೊಂದು ಕಣ್ಣೂ ಮುಚ್ಕೊಳ್ಳೋಕೆ ಹೇಳು, ಒಂದು ಹೊರಳಿದ್ರೆ ಇನ್ನೊಂದೂ ಹೊರಳುತ್ತೆ. ಆಟೋ ಹತ್ತು. ಆಮೇಲೆ ಅಳು."

ಹೇಳಿದಂತೆ ಮಾಡಿದೆ. ಆಟೋದಲ್ಲಿ ಮುರುಗೇಶನ ಎರಡು ಮಣಿಕಟ್ಟುಗಳನ್ನೂ ಹಿಡಿದು ಕೂತಿದ್ದೆ. ಕಿವಿ ಮತ್ತು ಭುಜದ ನಡುವೆ ಫೋನು ಹಾಗೇ ಸಿಕ್ಕಿಕೊಂಡಿತ್ತು. ಆಗ ಅವರು ಮೆಲ್ಲಗೆ ಕೇಳಿದರು, "ಯಾವ ಸುತ್ತಿಗೆ?"

"ಗೊತ್ತಿಲ್ಲ ಅಕ್ಕ" ಎಂದೆ.

ಕಣ್ಣಿನ ಆಸ್ಪತ್ರೆಯಲ್ಲಿ ಅವತ್ತೇ ಶಸ್ತ್ರಚಿಕಿತ್ಸೆ ಮಾಡಿ, ಎಳ್ಳಿನ ಕಾಳಿಗಿಂತ ಚಿಕ್ಕದಾದ ಉಕ್ಕಿನ ಚೂರನ್ನು ತೆಗೆದರು. ವೈದ್ಯೆ ಹೊರಗೆ ಬಂದು, ಆ ಪೇಪರ್ ಕಪ್ಪು ಮುಚ್ಚಿದ್ದು ಯಾರು ಎಂದು ಕೇಳಿದರು. ಉಜ್ಜಿದ್ದರೆ ಕಣ್ಣೇ ಉಳಿಯುತ್ತಿರಲಿಲ್ಲ, ಈಗ ಕಣ್ಣು ಉಳಿದಿದೆ ಎಂದರು. ದೃಷ್ಟಿ ಉಳಿಯುತ್ತದೆಯೇ ಎಂದು ಮುರುಗೇಶನ ಹೆಂಡತಿ ಕೇಳಿದಳು. ಒಳಗಿನ ರಕ್ತ ಆರಬೇಕು, ಮೂರು ವಾರ ಕಳೆದು ಪರೀಕ್ಷೆ ಮಾಡದೆ ಏನೂ ಹೇಳಲಾಗದು ಎಂದರು. ಒಕ್ಕಣ್ಣಿನ ಮೆಕ್ಯಾನಿಕ್ ಬಸ್ಸಿನ ಕೆಳಗೆ ಕೂತು ಪಿನ್ನಿಗೆ ಹೊಡೆಯಲಾರ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಧ್ಯಾಹ್ನದ ಬಸ್ಸಿಗೆ ಅಕ್ಕ ಬಂದರು. ಮೊದಲು ಆಸ್ಪತ್ರೆಗೆ, ನಂತರ ಶೆಡ್ಡಿಗೆ. ಅಷ್ಟರಲ್ಲಿ ನಾನೂ ಶೆಡ್ಡಿಗೆ ಮರಳಿದ್ದೆ. ಸುತ್ತಿಗೆ ಇನ್ನೂ ಬಿದ್ದಲ್ಲೇ ಇತ್ತು. ಎತ್ತಿಕೊಂಡರು. ಮುಖದ ಅಂಚಿನಲ್ಲಿ ಒಂದು ಚೂರು ಹಾರಿದ ಗುರುತು, ಒಡೆದ ಕನ್ನಡಿಯಂತೆ ಮಿರುಗುತ್ತಿತ್ತು. ಚೀಲದಿಂದ ಅರ ತೆಗೆದು ಒಂದು ಸಲ ಎಳೆದರು. ಸುಂಯ್ ಎಂದು ಜಾರಿತು.

ಮಾಲೀಕರು ಅಷ್ಟರಲ್ಲಿ ಕೂಗಾಡತೊಡಗಿದ್ದರು. "ಕಸ ಮಾರ್ತೀಯ, ಕಸ! ಇನ್ನೊಬ್ರ ಕಣ್ಣು ತೆಗೆದು ಹೊಟ್ಟೆ ಹೊರೀತೀಯ?"

ಅಕ್ಕ ಅರವನ್ನು ಬಟ್ಟೆಯಲ್ಲಿ ಸುತ್ತಿಕೊಂಡರು. "ಸುತ್ತಿಗೆ ನನ್ನ ಅಂಗಡೀದೆ ಸ್ವಾಮಿ. ಅದನ್ನ ನಾನು ಆವತ್ತೇ ಹಾಳು ಮಾಡಿ ಹಾಕ್ಬೇಕಿತ್ತು, ಹಾಕ್ಲಿಲ್ಲ. ತಪ್ಪು ನಂದು."

ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಅವರು ಆಸ್ಪತ್ರೆಯಲ್ಲಿ ಕೊಡಲು ಮರೆತಿದ್ದ ಬುತ್ತಿಯನ್ನು ಮುರುಗೇಶನ ಹೆಂಡತಿಗೆ ತಲುಪಿಸಿ ಎಂದು ಶೆಡ್ಡಿನ ಹುಡುಗನೊಬ್ಬನ ಕೈಗೆ ಕೊಟ್ಟು, ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿಗೆ ನಡೆದು ಹೋದರು.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಚಿಟ್ ಎನ್ನುವ ಸದ್ದು. ಹಗಲಲ್ಲೂ ಅಷ್ಟೆ. ಯಾರೋ ಚಮಚ ಬೀಳಿಸಿದರೂ ತಿರುಗಿ ನೋಡುತ್ತಿದ್ದೆ. ಶೆಡ್ಡಿನಲ್ಲಿ ಹೊಡೆತ ಶುರುವಾದರೆ ಹೊರಗೆ ಹೋಗಿ ನಿಲ್ಲುತ್ತಿದ್ದೆ. ಮತ್ತೆ ಮತ್ತೆ ಅದೇ ಹತ್ತು ಹೆಜ್ಜೆ. ಆ ಚೂರು ಎತ್ತ ಬೇಕಾದರೂ ಹಾರಬಹುದಿತ್ತು, ನನ್ನ ಕಡೆಗೂ. ಅಪಾಯವನ್ನು ತಂದವಳೇ ಅದರಿಂದ ತಪ್ಪಿಸಿಕೊಂಡವಳೂ ಹೌದು ಎಂಬುದು ಎದೆಯಲ್ಲಿ ಕೂತುಬಿಟ್ಟಿತ್ತು. ಎಲ್ಲರೂ "ಆ ಭದ್ರಾವತಿ ಹೆಂಗಸು" ಎಂದು ಬೈಯುವಾಗ ನಾನು ಬಿಲ್ಲುಗಳನ್ನು ಜೋಡಿಸುತ್ತಿದ್ದೆ.

ಎರಡನೇ ಭಾನುವಾರ ಭದ್ರಾವತಿಗೆ ಹೋದೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳೆಲ್ಲ ಹೊಸ್ತಿಲಲ್ಲೇ ಹೋದವು. "ಅಕ್ಕ, ಪೆಟ್ಟಿಗೆಯಿಂದ ತಗೊಂಡಿದ್ದು ನಾನೇ" ಎಂದೆ.

"ಗೊತ್ತು. ಟೈಲರು ಅವತ್ತೇ ಹೇಳ್ದ. ಗೋಣಿ ಮೇಲೆ ಎರಡೂ ಇದ್ವು, ಪೆಟ್ಟಿಗೇಲಿ ಒಂದು ಇರ್ಲಿಲ್ಲ. ಬುಧವಾರ ನಿಂಗೆ ಎರಡು ಸಲ ಫೋನ್ ಮಾಡಿದ್ದೆ, ಎತ್ಲಿಲ್ಲ ನೀನು."

ಎತ್ತಿರಲಿಲ್ಲ ನಿಜ. ಐಬು ಕೇಳುತ್ತಾರೆಂದು ಎತ್ತಿರಲಿಲ್ಲ.

"ಮತ್ತೆ ಶೆಡ್ಡಲ್ಲಿ ಯಾಕೆ ಹೇಳ್ಲಿಲ್ಲ ನೀವು?"

"ತಗೊಂಡಿದ್ದು ನೀನು. ಇಟ್ಟಿದ್ದು ನಾನು. ಗುಜರಿಯವನು ಬರ್ಲಿ ಅಂತ ಕಾಯ್ತಾ ಕೂತೆ. ನನ್ನ ಪಾಲು ನಾನು ಹೇಳ್ದೆ. ನಿನ್ನ ಪಾಲು ನಾನ್ಯಾಕೆ ಹೇಳ್ಲಿ?"

ಪೆಟ್ಟಿಗೆಯನ್ನು ಹೊರಗೆಳೆದು ತೋರಿಸಿದರು. ಒಳಗಿದ್ದ ಸುತ್ತಿಗೆಗಳನ್ನೆಲ್ಲ ಕಮ್ಮಾರನ ಹತ್ತಿರ ಒಯ್ದು, ಕೆಂಪಗೆ ಕಾಯಿಸಿ, ಹಿಡಿ ತೂರುವ ತೂತುಗಳನ್ನೆಲ್ಲ ಅಪ್ಪಚ್ಚಿ ಮಾಡಿಸಿ ತಂದಿದ್ದರು. ಇನ್ನು ಯಾರೂ ಅವಕ್ಕೆ ಹಿಡಿ ಹಾಕುವಂತಿರಲಿಲ್ಲ. ಆಲೂಗೆಡ್ಡೆಗಳ ಹಾಗೆ ಕಾಣುತ್ತಿದ್ದವು.

"ಮುರುಗೇಶನಿಗೆ ಹೇಳು" ಎಂದರು. "ಪರೀಕ್ಷೆಗೆ ಮುಂಚೆ ಹೇಳ್ಬೇಕು. ಕಣ್ಣು ಬಂದ್ಮೇಲೆ ಹೇಳಿದ್ರೆ ಅವನು ಖುಷೀಲಿ ಬಿಟ್ಟುಬಿಡ್ತಾನೆ. ಬರ್ಲಿಲ್ಲ ಅಂದ್ಮೇಲೆ ಹೇಳೋಕೆ ನಿಂಗೆ ಬಾಯೇ ಬರಲ್ಲ."

ಆಮೇಲೆ ನನ್ನ ಮುಂದೆ ಒಂದು ಮೂಟೆ ಸುರಿದರು. ದಾರ ಕೈಗಿಟ್ಟರು, ಮೊಳೆ ಕೈಗಿಟ್ಟರು. "ಕೂತ್ಕೋ. ತಟ್ಟು."

ಮೊದಲ ಸ್ಪ್ಯಾನರಿಗೆ ಬೆಚ್ಚಿಬಿದ್ದೆ. ಎರಡನೆಯದಕ್ಕೂ. ಮೊಳೆ ಕೈಯಿಂದ ಜಾರಿತು. ಅಕ್ಕ ಎತ್ತಿ ಕೊಟ್ಟರು, ಪುರಿ ತಿನ್ನುತ್ತಾ ಕೂತರು. ಇಪ್ಪತ್ತನೆಯದೋ ಮೂವತ್ತನೆಯದೋ ಇರಬೇಕು, ಅದರ ನಾದ ಪೂರ್ತಿ ಮುಗಿಯುವ ತನಕ ನಾನು ಕೇಳಿದೆ. "ಇದು ಹೆಂಗಿದೆ?" ಎಂದರು. "ಚೆನ್ನಾಗಿದೆ" ಎಂದೆ. "ನಂಗೆ ಕೇಳ್ಸಲ್ಲ, ಬಲಗಡೆ ಇದೀಯ ನೀನು. ನಿನ್ನ ಮಾತೇ ಖಾತ್ರಿ" ಎಂದು ಅದನ್ನು ಗೋಣಿಯ ಮೇಲಿಟ್ಟರು. ಆ ಕ್ಷಣದಲ್ಲಿ, ಅಷ್ಟೆಲ್ಲ ಆದ ಮೇಲೆ, ನನ್ನ ಮಾತನ್ನು ಖಾತ್ರಿ ಎಂದವರು ಅವರೊಬ್ಬರೇ. ಮುಂದಿನ ಭಾನುವಾರವೂ ಹೋದೆ.

ಪರೀಕ್ಷೆಗೆ ಎರಡು ದಿನ ಇರುವಾಗ ಮುರುಗೇಶನ ಮನೆಗೆ ಹೋಗಿ ಹೇಳಿದೆ. ಅಕ್ಕ ಇಟ್ಟಿದ್ದ ಪೆಟ್ಟಿಗೆ, ನಾನು ಬಗ್ಗಿ ತೆಗೆದದ್ದು, ಆಟೋದಲ್ಲಿ ಹೇಳಿದ ಸುಳ್ಳು, ಎಲ್ಲ. ಕಾಫಿ ತಂದ ಅವನ ಹೆಂಡತಿ ಲೋಟವನ್ನು ನನ್ನ ಕೈಗೆ ಕೊಡದೆ ಕಿಟಕಿಯ ಮೇಲಿಟ್ಟು ಒಳಗೆ ಹೋದಳು. ಮುರುಗೇಶ ಕಣ್ಣಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ಬೆರಳಿನಿಂದ ಮುಟ್ಟಿಕೊಂಡ.

"ಕನ್ನಡಕ ಮೊಳೆಗೆ ನೇತಾಕಿದ್ದು ನಾನೇ ಮೇಡಂ. ಅದೂ ಇದೆ" ಎಂದ. "ಆದ್ರೂ ಕೋಪ ಬರ್ತಿದೆ ನಂಗೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಒಂದಷ್ಟು ದಿನ ಇರ್ಲಿ ಅದು" ಎಂದ. ನಾನು ಎದ್ದು ಹೊರಡುವಾಗ, "ಆ ಅಕ್ಕನಿಗೆ ಹೇಳಿ, ಸುಮ್ನೆ ಬೈದ್ವಿ ಅಂತ" ಎಂದ. ಮರುದಿನ ಮಾಲೀಕರಿಗೂ ಹೇಳಿದೆ. ಅವರು ನನ್ನನ್ನು ಉರಿಯುವ ಕಣ್ಣಿನಿಂದ ನೋಡಿ, ಎಲ್ಲರೆದುರು ಬೈದರು, ಆದರೆ ಕೆಲಸದಿಂದ ತೆಗೆಯಲಿಲ್ಲ. ಅಕ್ಕನ ಕ್ಷಮೆ ಕೇಳಲೂ ಇಲ್ಲ. ಎರಡು ತಿಂಗಳ ನಂತರ, "ಹದಿಮೂರರ ಸ್ಪ್ಯಾನರ್ ಸವೆದಿದೆ. ಅಲ್ಲಿಂದ್ಲೇ ತನ್ನಿ" ಎಂದರು. ಅವರ ಮಟ್ಟಿಗೆ ಅದೇ ಕ್ಷಮೆ.

ಪರೀಕ್ಷೆಯ ದಿನ ಮುರುಗೇಶನಿಗೆ ಬಲಗಣ್ಣಿನಿಂದ ಬೆಳಕು ಕಂಡಿತು, ವೈದ್ಯೆ ಆಡಿಸಿದ ಕೈ ಮಂಜಿನಲ್ಲಿ ಕಂಡಂತೆ ಕಂಡಿತು. ನಿಧಾನಕ್ಕೆ ಸುಧಾರಿಸಬಹುದು ಎಂದರು. ಆ ಸುದ್ದಿಗೆ ಅಕ್ಕ, "ಸರಿ, ಮಂಜು ಕರಗೋಕೆ ಹೊತ್ತು ಬೇಕು" ಎಂದಷ್ಟೇ ಹೇಳಿದರು. ಪ್ರತಿ ವಾರ ಮುರುಗೇಶನಿಗೆ ಅವರೇ ಫೋನ್ ಮಾಡಿ, ಇವತ್ತು ಏನು ಕಾಣ್ತು ಎಂದು ಕೇಳುತ್ತಿದ್ದರು. ಅವನು ತಮಿಳಿನಲ್ಲಿ ಹೇಳುತ್ತಿದ್ದ, ಕಾರ್ಖಾನೆಯ ಕಿಟಕಿಯಲ್ಲಿ ಕಲಿತ ತಮಿಳಿನಲ್ಲಿ ಇವರು ಉತ್ತರಿಸುತ್ತಿದ್ದರು. ಬೆರಳುಗಳು ಕಂಡವು. ಮಗಳ ಜಡೆಯ ರಿಬ್ಬನ್ನಿನ ಬಣ್ಣ ಕಂಡಿತು. ನನಗೆ ಮಾತ್ರ ನಿದ್ದೆ ತುಂಡು ತುಂಡಾಗಿಯೇ ಬರುತ್ತಿತ್ತು.

ನಾಲ್ಕನೇ ತಿಂಗಳಲ್ಲಿ, ಹಗುರ ಕೆಲಸ ಮಾಡಬಹುದೆಂದು ವೈದ್ಯೆ ಬರೆದುಕೊಟ್ಟರು. ಸೋಮವಾರದಿಂದ ಬರುತ್ತೇನೆ ಎಂದು ಮುರುಗೇಶ ತಿಳಿಸಿದ. ಭಾನುವಾರ ನಾನು ಬೇಗ ಮಲಗಿದೆ. ಮತ್ತೆ ಕಣ್ಣು ಬಿಟ್ಟಾಗ ಕೋಣೆಯ ತುಂಬ ಬಿಸಿಲು, ತಲೆದಿಂಬಿನ ಪಕ್ಕದಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಗಂಟೆ ಎಂಟು ಕಳೆದಿತ್ತು. ನಡುವೆ ಒಮ್ಮೆಯೂ ಎದ್ದಿರಲಿಲ್ಲ. ಶೆಡ್ಡಿನ ಬೀಗದ ಕೈ ನನ್ನ ಚೀಲದಲ್ಲಿತ್ತು.

"ಎಲ್ಲಿದೀರ ಮೇಡಂ? ಮೊದಲ ದಿನಾನೇ ಗೇಟಿನ ಹೊರಗೆ ನಿಲ್ಲಿಸಿದೀರಲ್ಲ" ಎಂದ ಮುರುಗೇಶ.

"ಅಯ್ಯೋ, ನಿದ್ದೆ ಬಂದ್ಬಿಡ್ತು ಮುರುಗೇಶ, ಬಂದೆ, ಬಂದೆ."

"ನಿಧಾನಕ್ಕೆ ಬನ್ನಿ, ಓಡ್ಬೇಡಿ. ಎದುರಿಗೆ ಒಂದು ಬಸ್ಸು ನಿಂತಿದೆ, ಅದರ ಹಣೆ ನೋಡ್ತಾ ಇದೀನಿ. ಎಡಗಣ್ಣು ಮುಚ್ಕೊಂಡಿದೀನಿ. ಬೋರ್ಡಲ್ಲಿ ಗೋಪಾಳ ಅಂತ ಬರೆದಿರೋದು ಕಾಣುತ್ತೆ. ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಇದೆ, ಅದಿನ್ನೂ ಆಗ್ತಿಲ್ಲ. ನೀವು ಬರೋ ಅಷ್ಟರಲ್ಲಿ ಅದನ್ನೂ ಓದ್ತೀನೋ ಏನೋ."